ಸೈಕಲ್ ವಿಶ್ವ ಚಾಂಪಿಯನ್‌ಷಿಪ್: ರೇಸ್ ಹೇಗೆ ಸಾಗುತ್ತದೆ ಎಂದು ಮೊದಲೇ ಅಂದಾಜು ಮಾಡುವುದು ಹೇಗೆ?

2025ರ ಸೆಪ್ಟೆಂಬರ್ ಕೊನೆಯಲ್ಲಿ ರುವಾಂಡಾದ ಕಿಗಾಲಿಯಲ್ಲಿ ರಸ್ತೆ ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆಫ್ರಿಕಾದಲ್ಲಿ ಅದೇ ಮೊದಲು. ಪುರುಷರ ರೇಸನ್ನು ಎಲ್ಲರೂ ಊಹಿಸಿದ್ದ ಸ್ಲೊವೇನಿಯಾದ ತಡೇಯ್ ಪೊಗಾಚಾರ್ ಗೆದ್ದರು. ಮಹಿಳೆಯರ ರೇಸನ್ನು ಗೆದ್ದವರು ಕೆನಡಾದ ಮಗ್ದಲೆನ್ ವಾಲಿಯೇರ್. ಅವರ ಹೆಸರನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದೇ ಊರು, ಅದೇ ಏರುಗಳು, ಅದೇ ವಾರ. ಆದರೂ ಒಂದು ರೇಸ್ ಊಹೆಯಂತೆ ನಡೆಯಿತು, ಇನ್ನೊಂದು ತಲೆಕೆಳಗಾಯಿತು.

ಹಾಗಾಗಿ ‘ಯಾರು ಗೆಲ್ಲುತ್ತಾರೆ?’ ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ. ‘ಮುಂದೆ ಹೋದವರನ್ನು ಹಿಡಿಯಲು ಯಾರು ಬೆವರು ಸುರಿಸುತ್ತಾರೆ?’ ಎಂದು ಕೇಳಿ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಮಾರ್ಗ ಓದಿ

ಸಂಘಟಕರು ಮಾರ್ಗದ ನಕ್ಷೆ ಮತ್ತು ಏರಿಳಿತದ ಚಿತ್ರವನ್ನು ಮುಂಚೆಯೇ ಪ್ರಕಟಿಸುತ್ತಾರೆ. ಎಲ್ಲರ ಕಣ್ಣು ಒಟ್ಟು ಏರಿನ ಅಂಕಿಯ ಮೇಲೆ ಹೋಗುತ್ತದೆ. ಕಿಗಾಲಿಯಲ್ಲಿ ಪುರುಷರಿಗೆ 267.5 ಕಿ.ಮೀ. ದಾರಿ, ಸುಮಾರು 5,475 ಮೀಟರ್ ಏರು. ರೇಸ್ ಮುಗಿಸಿದವರು 30 ಜನ ಮಾತ್ರ. ಎಷ್ಟು ಜನ ಸೋತು ಹಿಂದೆ ಬೀಳುತ್ತಾರೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಮುಂದೆ ಉಳಿದವರು ಏನು ಮಾಡುತ್ತಾರೆ ಎಂಬುದನ್ನು ಹೇಳುವುದಿಲ್ಲ.

ಅದಕ್ಕೆ ಕೊನೆಯ 40 ಕಿ.ಮೀ. ನೋಡಬೇಕು. ಕಡೆಯ ಏರು ಎಷ್ಟು ಉದ್ದ, ಎಷ್ಟು ಕಡಿದು? ಅದರ ನೆತ್ತಿಯಿಂದ ಮುಕ್ತಾಯದ ಗೆರೆಗೆ ಎಷ್ಟು ದೂರ? ನಡುವೆ ಇರುವುದು ಅಗಲವಾದ ನೇರ ರಸ್ತೆಯೋ, ತಿರುವುಗಳ ಇಳಿಜಾರೋ? ಸಮತಟ್ಟು ರಸ್ತೆಯಲ್ಲಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋದರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗ ಇಳಿಯುತ್ತದೆ, ಈ ಲಾಭವೂ ಕರಗುತ್ತದೆ. ಅದಕ್ಕೇ ಗಟ್ಟಿಗರು ಏರಿನಲ್ಲಿ ಜಿಗಿಯುತ್ತಾರೆ, ಅಂದರೆ ತಟ್ಟನೆ ವೇಗ ಏರಿಸಿ ಗುಂಪನ್ನು ಬಿಟ್ಟು ಹೋಗುತ್ತಾರೆ, ಗುಂಪು ಅವರನ್ನು ಸಮತಟ್ಟಿನಲ್ಲಿ ಹಿಡಿಯುತ್ತದೆ.

ಏರು ಜಾಸ್ತಿ ಇಲ್ಲದ ಮಾರ್ಗವೂ ಗುಂಪನ್ನು ಒಡೆಯಬಹುದು. 2023ರಲ್ಲಿ ಗ್ಲಾಸ್ಗೋದ ನಗರ ಸುತ್ತು 14.3 ಕಿ.ಮೀ. ಇತ್ತು, ತುಂಬ ತಿರುವುಗಳು. ಪ್ರತಿ ತಿರುವಿನಲ್ಲೂ ಬ್ರೇಕ್ ಹಿಡಿದು ಮತ್ತೆ ಜೋರಾಗಿ ತುಳಿಯಬೇಕು. ಹಿಂದೆ ಇದ್ದವರಿಗೆ ಈ ಹೊಡೆತ ಹೆಚ್ಚು. ಕೊನೆಗೆ ಮಥ್ಯು ವಾನ್ ಡರ್ ಪೂಲ್ ಒಬ್ಬರೇ ಬಂದರು. ದಾರಿಯಲ್ಲಿ ಒಮ್ಮೆ ಬಿದ್ದೂ ಗೆದ್ದರು!

ನಂತರ ದೇಶಗಳ ಲೆಕ್ಕ ಹಾಕಿ

ನನಗೆ ಅತಿ ಇಷ್ಟವಾದ ಭಾಗ ಇದು. ಉಳಿದ ಹೆಜ್ಜೆಗಳಿಗೆ ಹತ್ತು ನಿಮಿಷ ಕೊಟ್ಟರೆ ಇದಕ್ಕೆ ಒಂದು ತಾಸು ಕೊಡಿ.

ವರ್ಷವಿಡೀ ಕಂಪನಿಗಳ ತಂಡದಲ್ಲಿ ಓಡಿಸುವ ಸವಾರರು ಇಲ್ಲಿ ದೇಶದ ಜೆರ್ಸಿ ತೊಡುತ್ತಾರೆ. ದೊಡ್ಡ ದೇಶಗಳಿಗೆ ಎಂಟು ಸವಾರರು, ಸಣ್ಣ ದೇಶಗಳಿಗೆ ಕೆಲವೊಮ್ಮೆ ಒಬ್ಬರೇ. ಕಿವಿಯಲ್ಲಿ ರೇಡಿಯೋ ಇರುವುದಿಲ್ಲ. ಮ್ಯಾನೇಜರ್ ಕೂಗಿ ಹೇಳುವಂತಿಲ್ಲ, ಸವಾರರೇ ರಸ್ತೆಯಲ್ಲಿ ತೀರ್ಮಾನಿಸಬೇಕು.

ಸ್ಪರ್ಧಿಗಳ ಪಟ್ಟಿ ಬಂದ ಕೂಡಲೇ ಪ್ರತಿ ದೊಡ್ಡ ದೇಶದ ಮುಂದೆ ಒಂದು ಸಾಲು ಬರೆಯಿರಿ: ‘ಇವರಿಗೆ ಎಂಥ ರೇಸ್ ಬೇಕು?’ ಒಬ್ಬ ಒಳ್ಳೆಯ ಸ್ಪ್ರಿಂಟರ್ (ಗೆರೆಯ ಹತ್ತಿರ ಅತಿ ಜೋರಾಗಿ ಓಡಿಸುವ ಸವಾರ) ಇದ್ದು, ಏಳು ಜನ ಅವರಿಗಾಗಿ ದುಡಿಯಲು ಒಪ್ಪಿದ್ದರೆ ಆ ದೇಶ ದಿನವಿಡೀ ಬೆನ್ನಟ್ಟುತ್ತದೆ. 2011ರಲ್ಲಿ ಕೋಪನ್‌ಹೇಗನ್‌ನಲ್ಲಿ ಬ್ರಿಟನ್ ಹೀಗೇ ಮಾಡಿತು, ಮಾರ್ಕ್ ಕ್ಯಾವೆಂಡಿಶ್ ಗೆದ್ದರು. ಒಂದೇ ದೇಶಕ್ಕೆ ಇಬ್ಬರು ಮೂವರು ನಾಯಕರಿದ್ದರೆ ಕಥೆ ಬೇರೆ. ಒಬ್ಬರನ್ನು ಮುಂದೆ ಕಳಿಸಿ ಉಳಿದವರು ಹಿಂದೆ ಸುಮ್ನೆ ಕೂರುತ್ತಾರೆ. ಹಾಗೆ ಕೂರುವವರು ಬೆನ್ನಟ್ಟುವವರ ಪಟ್ಟಿಗೆ ಸೇರುವುದಿಲ್ಲ.

2020ರ ಇಮೋಲಾ ನೋಡಿ. ಕೊನೆಯ ಏರಿನಲ್ಲಿ ಫ್ರಾನ್ಸ್‌ನ ಜೂಲಿಯನ್ ಅಲಫಿಲಿಪ್ ಜಿಗಿದರು. ಹಿಂದೆ ಐದು ಜನ ಘಟಾನುಘಟಿಗಳು, ಆದರೆ ಒಬ್ಬೊಬ್ಬರೂ ಒಂದೊಂದು ದೇಶದವರು. ಒಬ್ಬರಿಗಾಗಿ ಇನ್ನೊಬ್ಬರು ದುಡಿಯುವ ಪ್ರಶ್ನೆಯೇ ಇಲ್ಲ. ಅಲಫಿಲಿಪ್ ಅವರನ್ನು ಹಿಡಿಯಲಾಗಲಿಲ್ಲ.

ಕಿಗಾಲಿಯ ಮಹಿಳಾ ರೇಸ್‌ನಲ್ಲಿ ಆದದ್ದೂ ಇದೇ. ಫ್ರಾನ್ಸ್‌ನ ಪೋಲಿನ್ ಫೆರಾಂ-ಪ್ರೆವೊ, ನೆದರ್ಲೆಂಡ್ಸ್‌ನ ಡೆಮಿ ವೊಲ್ಲೆರಿಂಗ್ ಮುಂತಾದವರು ಒಬ್ಬರನ್ನೊಬ್ಬರು ನೋಡುತ್ತ ಉಳಿದರು. ಮುಂದೆ ಇದ್ದ ಸಣ್ಣ ಗುಂಪು ಕೈಗೆ ಸಿಗಲೇ ಇಲ್ಲ. ಕಲ್ಲು ಹಾಸಿನ ಕಿಮಿಹುರುರಾ ಏರಿನಲ್ಲಿ ಕೊನೆಯ ಸಲ ವಾಲಿಯೇರ್ ಜಿಗಿದಾಗ ರೇಸ್ ಮುಗಿದೇ ಹೋಗಿತ್ತು.

ಇನ್ನೊಂದು ಒಳಗುಟ್ಟಿದೆ. ದೇಶ ಬೇರೆಯಾದರೂ ಕಂಪನಿ ತಂಡ ಒಂದೇ ಇದ್ದವರನ್ನು ಗುರುತು ಹಾಕಿಕೊಳ್ಳಿ. ಕಿಗಾಲಿಯಲ್ಲಿ ಪೊಗಾಚಾರ್ ನೂರಕ್ಕೂ ಹೆಚ್ಚು ಕಿ.ಮೀ. ಉಳಿದಿರುವಾಗ ಹೊರಟರು. ಅವರ ಬೆನ್ನಿಗೆ ಬಂದವರು ಸ್ಪೇನ್‌ನ ಹುವಾನ್ ಅಯೂಸೊ, ಮೆಕ್ಸಿಕೋದ ಇಸಾಕ್ ಡೆಲ್ ಟೋರೊ. ಇಬ್ಬರೂ ಆ ವರ್ಷ ಅವರ ಕಂಪನಿ ತಂಡದ ಜೊತೆಗಾರರೇ. ಒಳಸಂಚು ಎಂದು ನಾನು ಹೇಳುತ್ತಿಲ್ಲ. ಆದರೆ ಯಾರ ಜೊತೆ ಯಾರು ಸಲೀಸಾಗಿ ದುಡಿಯುತ್ತಾರೆ ಎಂಬುದು ಅಂದಾಜಿಗೆ ಬೇಕು, ಅಲ್ವಾ?

ಫಾರ್ಮ್ ಮತ್ತು ಹವಾಮಾನ

ಫಾರ್ಮ್‌ಗೆ ಕೊನೆಯ ಐದಾರು ವಾರ ಸಾಕು. ಸ್ಪೇನ್‌ನ ಮೂರು ವಾರಗಳ ರೇಸ್ ವುಯೆಲ್ಟಾ ಮತ್ತು ಕೆನಡಾದ ಒಂದು ದಿನದ ರೇಸ್‌ಗಳನ್ನು ನೋಡಿ. ಅದೇ ವಾರದ, ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್‌ಗೆ ಮಾತ್ರ ಅತಿಯಾದ ಬೆಲೆ ಕೊಡಬೇಡಿ. ಕಿಗಾಲಿ ಟೈಮ್ ಟ್ರಯಲ್‌ನಲ್ಲಿ ಬೆಲ್ಜಿಯಂನ ರೆಮ್ಕೊ ಎವೆನೆಪೂಲ್, ತಮಗಿಂತ ಮೊದಲು ಹೊರಟಿದ್ದ ಪೊಗಾಚಾರ್ ಅವರನ್ನು ದಾರಿಯಲ್ಲೇ ಹಿಂದೆ ಹಾಕಿ ಗೆದ್ದರು. ಮುಂದಿನ ಭಾನುವಾರ ರಸ್ತೆ ರೇಸ್‌ನಲ್ಲಿ ಪೊಗಾಚಾರ್ ಮೊದಲು, ಎವೆನೆಪೂಲ್ ಎರಡನೇ ಸ್ಥಾನ.

ಹವಾಮಾನವನ್ನು ಹಿಂದಿನ ರಾತ್ರಿ ನೋಡಿ, ಅದಕ್ಕೂ ಮೊದಲು ನೋಡಿ ಉಪಯೋಗವಿಲ್ಲ. ಗಾಳಿಯ ವೇಗಕ್ಕಿಂತ ಅದು ಬೀಸುವ ದಿಕ್ಕು ಮುಖ್ಯ. ವಿಜಯಪುರ, ಬಾಗಲಕೋಟೆ ಕಡೆ ಬಯಲಿನಲ್ಲಿ ಸೈಕಲ್ ರೇಸ್ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 2016ರ ದೋಹಾ ಮಾರ್ಗ ಪೂರ್ತಿ ಸಮತಟ್ಟು. ಮರುಭೂಮಿಯಲ್ಲಿ ಗಾಳಿ ಪಕ್ಕದಿಂದ ಬೀಸಿದಾಗ ಬೆಲ್ಜಿಯಂ ವೇಗ ಏರಿಸಿತು, ಗುಂಪು ತುಂಡಾಯಿತು. ಸ್ಪ್ರಿಂಟ್‌ಗೆ ಹೆಸರಾದ ಜರ್ಮನಿಯ ಮಾರ್ಸೆಲ್ ಕಿಟೆಲ್ ಹಿಂದಿನ ತುಂಡಿನಲ್ಲಿ ಸಿಕ್ಕಿಬಿದ್ದರು. ಗೆದ್ದವರು ಸ್ಲೊವಾಕಿಯಾದ ಪೀಟರ್ ಸಗಾನ್.

ಈಗ ಬರೆಯಿರಿ

ಒಂದೇ ಭವಿಷ್ಯ ಬರೆಯಬೇಡಿ. ಮೂರು ಬಗೆ ಬರೆಯಿರಿ, ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡಿ, ಮೂರೂ ಕೂಡಿದರೆ ನೂರಾಗಬೇಕು. ಪಕ್ಕದಲ್ಲಿ ‘ಇದು ಯಾವಾಗ ಸುಳ್ಳಾಗುತ್ತದೆ’ ಎಂದೂ ಬರೆದಿಡಿ.

ರೇಸ್ ನಡೆಯುವಾಗ ತಿದ್ದುತ್ತ ಹೋಗಿ. ಫ್ರೆಂಚ್ ವೀಕ್ಷಕ ವಿವರಣೆಕಾರ ರಾಬೇರ್ ಶಾಪಾತ್ ಹೆಸರಿನಲ್ಲಿ ಒಂದು ಹಳೆಯ ಸೂತ್ರವಿದೆ: ಮುಂದೆ ಹೋದವರು ಉಳಿಯಬೇಕಾದರೆ ಉಳಿದ ಪ್ರತಿ 10 ಕಿ.ಮೀ.ಗೆ ಒಂದು ನಿಮಿಷ ಅಂತರ ಬೇಕು. ರೇಡಿಯೋ ಇಲ್ಲದ ರೇಸ್‌ನಲ್ಲಿ ಅದಕ್ಕಿಂತ ಕಡಿಮೆಯೂ ಸಾಕಾಗುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಅನ್ನಾ ಕೀಸೆನ್‌ಹೋಫರ್ ಶುರುವಿನಲ್ಲೇ ಹೊರಟು ಚಿನ್ನ ಗೆದ್ದರು. ಎರಡನೆಯವರಾಗಿ ಬಂದ ಅನೆಮೀಕ್ ವಾನ್ ಫ್ಲೂಟನ್ ತಾವೇ ಗೆದ್ದೆವೆಂದು ಕೈ ಎತ್ತಿದರು. ಆದ್ದರಿಂದ ಅಂತರದ ಜೊತೆಗೆ, ಮುಂದಿನ ಗುಂಪಿನಲ್ಲಿ ಯಾವ ದೊಡ್ಡ ದೇಶದವರು ಇಲ್ಲ ಎಂದು ಎಣಿಸಿ. ಬೆನ್ನಟ್ಟಬೇಕಾದವರು ಅವರೇ. ಅವರ ಹತ್ತಿರ ಎಷ್ಟು ಜನ ಉಳಿದಿದ್ದಾರೆ?

2026ರ ಚಾಂಪಿಯನ್‌ಷಿಪ್ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ಗೆ ನಿಗದಿಯಾಗಿದೆ. 1974ರಲ್ಲಿ ಎಡ್ಡಿ ಮರ್ಕ್ಸ್ ಗೆದ್ದ ಊರು. ಅಲ್ಲಿನ ಮೌಂಟ್ ರಾಯಲ್ ಗುಡ್ಡದ ಮೇಲೆ ಪ್ರತಿ ವರ್ಷ ನಡೆಯುವ ರೇಸ್ ಒಳ್ಳೆಯ ಮಾದರಿ. 2018ರಲ್ಲಿ ವೇಗದ ಸ್ಪ್ರಿಂಟ್ ಇರುವ ಮೈಕಲ್ ಮ್ಯಾಥ್ಯೂಸ್ ಗೆದ್ದರು, 2024ರಲ್ಲಿ ಪೊಗಾಚಾರ್ ಒಬ್ಬರೇ ಬಂದರು. ಪಟ್ಟಿ ನೋಡದೆಯೇ ಪುರುಷರ ರೇಸ್‌ಗೆ ನಾನು ಬರೆದ ಮೊದಲ ಕರಡು ಇದು: ಗಟ್ಟಿಗರೊಬ್ಬರು ದೂರದಿಂದಲೇ ಹೊರಟು ಉಳಿಯುವುದು 50, ಕೊನೆಯ ಸುತ್ತುಗಳಲ್ಲಿ ಉಳಿದ ಹತ್ತು ಹದಿನೈದು ಜನರ ನಡುವೆ ಸ್ಪ್ರಿಂಟ್ 30, ದೊಡ್ಡವರು ಪರಸ್ಪರ ಕಾಯುತ್ತಿರುವಾಗ ಎರಡನೇ ಸಾಲಿನವರು ಜಾರಿಕೊಳ್ಳುವುದು 20. ಪೊಗಾಚಾರ್ ಬರದಿದ್ದರೆ ಮೊದಲ ಅಂಕಿಯಿಂದ 20 ಕಳೆದು ಮೂರನೆಯದಕ್ಕೆ ಸೇರಿಸುತ್ತೇನೆ. ಮಹಿಳೆಯರ ರೇಸ್‌ಗೆ ಬೇರೆ ಹಾಳೆ ಬೇಕು. ಅಲ್ಲಿ ಮೂರನೇ ಬಗೆಗೆ ನಾನು 35 ಕೊಡುತ್ತೇನೆ, ಕಿಗಾಲಿಯ ನಂತರ ಅದಕ್ಕಿಂತ ಕಡಿಮೆ ಕೊಡಲು ಮನಸ್ಸು ಒಪ್ಪುತ್ತಿಲ್ಲ.