ಫ್ರೇಮ್ ಇರುವ ಬ್ಯಾಗೋ, ಇಲ್ಲದ್ದೋ? ಮೊದಲು ತೂಗಿ ನೋಡಿ

ಚಾರಣದ ಸಾಮಾನಿನಲ್ಲಿ ಬ್ಯಾಗನ್ನು ಕೊಳ್ಳಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಟೆಂಟು, ಸ್ಲೀಪಿಂಗ್ ಬ್ಯಾಗು, ಮ್ಯಾಟು, ರೇನ್‌ಕೋಟು ಎಲ್ಲ ಕೈಗೆ ಬಂದ ಮೇಲೆ ಅವನ್ನು ತೂಗಿ, ಎಷ್ಟು ಜಾಗ ಹಿಡಿಯುತ್ತವೆ ಎಂದು ನೋಡಿ, ಅದಕ್ಕೆ ತಕ್ಕ ಬ್ಯಾಗು ಹುಡುಕಬೇಕು. ಹಗುರವಾಗಿ ನಡೆಯುವ ಆಸೆಗೆ ಬಿದ್ದವರು ಇದನ್ನು ತಲೆಕೆಳಗು ಮಾಡುತ್ತಾರೆ. 450 ಗ್ರಾಂನ ಫ್ರೇಮ್ ಇಲ್ಲದ ಬ್ಯಾಗು ಮೊದಲು ಮನೆಗೆ ಬರುತ್ತದೆ, ಅದರೊಳಗೆ 14 ಕಿಲೋ ಹಳೇ ಸಾಮಾನು ಹೋಗುತ್ತದೆ. ಸಂಜೆಗೆ ಹೆಗಲು ಉರಿಯುತ್ತದೆ, ಬೈಗುಳ ಬ್ಯಾಗಿಗೆ.

ಫ್ರೇಮ್ ಮಾಡುವ ಕೆಲಸ

ಬೆನ್ನಿಗೆ ತಾಗುವ ಕಡೆ ಉದ್ದಕ್ಕೆ ನಿಲ್ಲುವ ಗಟ್ಟಿ ಭಾಗವೇ ಫ್ರೇಮ್. ಒಂದೆರಡು ಅಲ್ಯೂಮಿನಿಯಂ ಪಟ್ಟಿ ಇರಬಹುದು, ಅಂಚಿನ ಸುತ್ತ ಬಾಗಿಸಿದ ಕಂಬಿ ಇರಬಹುದು, ಪ್ಲಾಸ್ಟಿಕ್ ಹಾಳೆಯೋ ಕಾರ್ಬನ್ ಕೊಳವೆಯೋ ಆಗಿರಬಹುದು. ಇವೆಲ್ಲ ಮಾಡುವುದು ಮುಖ್ಯವಾಗಿ ಒಂದೇ ಕೆಲಸ: ಹೆಗಲಪಟ್ಟಿ ಹೊಲಿದ ಜಾಗಕ್ಕೂ ಸೊಂಟಪಟ್ಟಿಗೂ ನಡುವಿನ ಅಂತರ ಕುಗ್ಗದಂತೆ ನೋಡಿಕೊಳ್ಳುವುದು. ಆ ಅಂತರ ಉಳಿದರೆ ಭಾರ ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಕುಗ್ಗಿತೋ, ಬ್ಯಾಗು ಗೋಣಿಚೀಲದ ಹಾಗೆ ನಡುವಿನಲ್ಲಿ ಕುಸಿಯುತ್ತದೆ. ಆಮೇಲೆ ಸೊಂಟಪಟ್ಟಿಯನ್ನು ಎಷ್ಟು ಬಿಗಿದರೂ ಹೊಟ್ಟೆ ಹಿಂಡುತ್ತದೆಯೇ ಹೊರತು ಹೆಗಲಿನ ಭಾರ ಇಳಿಯುವುದಿಲ್ಲ.

ಹೆಗಲಪಟ್ಟಿಯ ಮೇಲ್ತುದಿಯಿಂದ ಬ್ಯಾಗಿನ ನೆತ್ತಿಗೆ ಹೋಗುವ ಸಣ್ಣ ಪಟ್ಟಿಗಳಿಗೆ ಲೋಡ್ ಲಿಫ್ಟರ್ ಎನ್ನುತ್ತಾರೆ. ಎಳೆದಾಗ ಇವು ಬ್ಯಾಗಿನ ಮೇಲ್ಭಾಗವನ್ನು ಮೈಗೆ ಹತ್ತಿರ ತರಬೇಕು. ಅದಕ್ಕೆ ಹೆಗಲಿಗಿಂತ ಎತ್ತರಕ್ಕೆ ಚಾಚಿದ ಗಟ್ಟಿ ಫ್ರೇಮ್ ಬೇಕು, ಪಟ್ಟಿಗಳು ಸುಮಾರು 45 ಡಿಗ್ರಿ ಓರೆಯಲ್ಲಿರಬೇಕು. ಫ್ರೇಮ್ ಇಲ್ಲದ ಬ್ಯಾಗಿಗೂ ಇವನ್ನು ಹೊಲಿದಿದ್ದರೆ ಅದು ಹೆಚ್ಚಾಗಿ ಅಲಂಕಾರ. ಎಳೆದರೆ ಬಟ್ಟೆ ಮಡಚಿಕೊಳ್ಳುತ್ತದೆ, ಅಷ್ಟೇ.

ಲೆಕ್ಕ ಹಾಕಬೇಕಾದ ತೂಕ

ಅನ್ನ, ನೀರು, ಇಂಧನ ಬಿಟ್ಟು ಉಳಿದ ಸಾಮಾನಿನ ಒಟ್ಟು ತೂಕವನ್ನು ಚಾರಣಿಗರು ಬೇಸ್ ವೇಟ್ ಎಂದು ಕರೆಯುತ್ತಾರೆ. ಹೇಳಿಕೊಳ್ಳಲು ಚೆನ್ನಾಗಿರುವ ಅಂಕಿ ಅದು, ಆದರೆ ಹೆಗಲು ಹೊರುವುದು ಅದನ್ನೊಂದೇ ಅಲ್ಲ. ಬ್ಯಾಗು ಆರಿಸುವಾಗ ಇಡೀ ದಾರಿಯ ಅತಿ ಭಾರದ ಗಳಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ: ಊಟದ ಸಾಮಾನು ಪೂರ್ತಿ ತುಂಬಿ, ನೀರಿನ ಬಾಟಲಿಯೂ ತುಂಬಿ ಹೊರಟ ಗಳಿಗೆ. ಬೇಸ್ ವೇಟ್ 5 ಕಿಲೋ, ದಿನಕ್ಕೆ 700 ಗ್ರಾಂನಂತೆ 4 ದಿನದ ಒಣ ಆಹಾರ 2.8 ಕಿಲೋ, 2 ಲೀಟರ್ ನೀರು 2 ಕಿಲೋ, ಇಂಧನ 200 ಗ್ರಾಂ. ಕೂಡಿದರೆ ಸರಿಯಾಗಿ 10 ಕಿಲೋ. ಮುಂದಿನ ನೀರು ದೂರವಿದ್ದು ಇನ್ನೂ 2 ಲೀಟರ್ ಹೊರಬೇಕಾದರೆ 12.

ಒಟ್ಟು 8 ಕಿಲೋ ದಾಟದಿದ್ದರೆ ಫ್ರೇಮ್ ಇಲ್ಲದ ಬ್ಯಾಗು ಧಾರಾಳವಾಗಿ ಸಾಕು. 8ರಿಂದ 11ರ ನಡುವೆ ಎಲ್ಲವೂ ತುಂಬುವ ಕೈಚಳಕದ ಮೇಲೆ ನಿಂತಿದೆ. 11 ದಾಟಿದರೆ ಫ್ರೇಮ್ ಇರಲಿ, ವಾದ ಬೇಡ. ಇವು ಗೆರೆ ಕೊರೆದ ಮಿತಿಗಳಲ್ಲ. ಸಣ್ಣ ಮೈಕಟ್ಟಿನವರಿಗೂ ಹೆಗಲು, ಕುತ್ತಿಗೆ ನೋವಿರುವವರಿಗೂ ಒಂದೆರಡು ಕಿಲೋ ಕೆಳಗೇ ಫ್ರೇಮ್ ಬೇಕಾಗುತ್ತದೆ.

ಹಗುರವಾದ ಫ್ರೇಮ್ ಬ್ಯಾಗುಗಳು 800 ಗ್ರಾಂನಿಂದ 1.2 ಕಿಲೋ ತೂಗುತ್ತವೆ, ಫ್ರೇಮ್ ಇಲ್ಲದವು 300ರಿಂದ 600 ಗ್ರಾಂ. ಅರ್ಧ ಲೀಟರ್ ನೀರಿನಷ್ಟು ತೂಕ ಉಳಿಸಲು ಹೋಗಿ 12 ಕಿಲೋವನ್ನು ಹೆಗಲಿಗೆ ನೇತುಹಾಕಿಕೊಳ್ಳುವುದು ಜಾಣತನವಲ್ಲ.

ಫ್ರೇಮ್ ಇಲ್ಲದ ಬ್ಯಾಗನ್ನು ತುಂಬುವ ಬಗೆ

ಇಲ್ಲಿ ಸಾಮಾನೇ ಫ್ರೇಮ್ ಆಗಬೇಕು. ಗಾಳಿ ತುಂಬುವ ಹಾಸಿಗೆಗಿಂತ ಮಡಚುವ ಫೋಮ್ ಮ್ಯಾಟು ಈ ಬ್ಯಾಗಿಗೆ ಒಳ್ಳೆಯ ಜೊತೆ. ಅದನ್ನು ಮಡಚಿ ಬೆನ್ನಿನ ಕಡೆ ಚಪ್ಪಟೆಯಾಗಿ ನಿಲ್ಲಿಸಬಹುದು. ಇಲ್ಲವೇ ಸುರುಳಿಯಾಗಿ ಬ್ಯಾಗಿನೊಳಗೆ ಇಳಿಬಿಟ್ಟು, ಬಟ್ಟೆಗೆ ಅಂಟುವಷ್ಟು ಅಗಲಿಸಿ, ನಡುವಿನ ಪೊಳ್ಳಿನಲ್ಲಿ ಉಳಿದದ್ದನ್ನು ತುಂಬಬಹುದು. ಸುರುಳಿ ಹೆಚ್ಚು ಗಟ್ಟಿ, ಆದರೆ ಜಾಗ ತಿನ್ನುತ್ತದೆ, ಬ್ಯಾಗು ಪೀಪಾಯಿಯಂತೆ ದುಂಡಗಾಗುತ್ತದೆ. ದುಂಡಗಾದ ಬ್ಯಾಗು ಬೆನ್ನಿಗೆ ಒಂದೇ ಗೆರೆಯಲ್ಲಿ ತಾಗಿ ಅತ್ತಿತ್ತ ಹೊರಳುತ್ತದೆ. ಹಾಗಾಗಿ 40 ಲೀಟರ್‌ಗಿಂತ ಚಿಕ್ಕ ಬ್ಯಾಗಿಗೆ ಮಡಚಿದ ಮ್ಯಾಟೇ ಮೇಲು.

ತಳಕ್ಕೆ ಸ್ಲೀಪಿಂಗ್ ಬ್ಯಾಗು. ಅದನ್ನು ಅದರ ಪುಟ್ಟ ಚೀಲದೊಳಗೆ ಉಂಡೆ ಕಟ್ಟಿ ಇಡಬೇಡಿ. ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಬ್ಯಾಗಿನೊಳಗೆ ಹೊದಿಸಿ, ಸ್ಲೀಪಿಂಗ್ ಬ್ಯಾಗನ್ನು ಬಿಡಿಯಾಗಿ ತುರುಕಿದರೆ ಮೂಲೆ ಮೂಲೆಗೂ ಹರಡಿಕೊಳ್ಳುತ್ತದೆ, ಮಳೆಯಿಂದಲೂ ಉಳಿಯುತ್ತದೆ. ಉಂಡೆಗಳ ನಡುವೆ ಉಳಿದ ಪೊಳ್ಳು ಜಾಗದಲ್ಲೇ ಬ್ಯಾಗು ಮುರಿದು ಬಾಗುವುದು. ಅದರ ಮೇಲೆ, ಬೆನ್ನಿಗೆ ಅಂಟಿಕೊಂಡು, ಆಹಾರ ಮತ್ತು ಇತರ ಭಾರದ ವಸ್ತುಗಳು. ಅವುಗಳ ಆಚೆ ಬದಿಗೆ ಬಟ್ಟೆ, ಟೆಂಟು. ಪಾತ್ರೆ, ಒಲೆಯಂಥ ಚೂಪು ಅಂಚಿನವು ಮ್ಯಾಟಿನ ಹಿಂದೆಯೂ ಬೆನ್ನಿಗೆ ನೇರ ಬರಬಾರದು. ಕೊನೆಗೆ ಬಾಯಿಯನ್ನು ಗಾಳಿ ಹೊರದಬ್ಬುತ್ತ ಸುತ್ತಿ, ಬದಿಯ ಪಟ್ಟಿಗಳನ್ನು ಎಳೆದು ಬಿಗಿಯಿರಿ. ನಿಲ್ಲಿಸಿ ಮೇಲಿನಿಂದ ಅಂಗೈಯಲ್ಲಿ ಒತ್ತಿದರೆ ದಿಂಡಿನ ಹಾಗೆ ಎದುರು ಒತ್ತಬೇಕು. ಮೆತ್ತಗೆ ತಗ್ಗಿದರೆ ಮತ್ತೆ ಬಿಚ್ಚಿ ತುಂಬುವುದೇ ದಾರಿ.

ಬೆನ್ನಿನ ಅಳತೆ

ಫ್ರೇಮ್ ಇರುವ ಬ್ಯಾಗಿಗೆ ಈ ಅಳತೆ ತಪ್ಪಿದರೆ ಫ್ರೇಮ್ ಇದ್ದೂ ವ್ಯರ್ಥ. ತಲೆ ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಶುರು ಮಾಡಿ. ಸೊಂಟದ ಮೂಳೆಯ ಮೇಲಂಚಿಗೆ ಎರಡೂ ಕೈಯಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಅವುಗಳ ನಡುವೆ ಒಂದು ಅಡ್ಡಗೆರೆ ಸಿಗುತ್ತದೆ. ಮೂಳೆಯಿಂದ ಆ ಗೆರೆಯವರೆಗೆ ಬೆನ್ನಿನ ಬಾಗಿನ ಮೇಲೆಯೇ ಟೇಪು ಹಾಯಿಸಬೇಕು. ಒಬ್ಬರೇ ಅಳೆದರೆ ತಪ್ಪುತ್ತದೆ, ಇನ್ನೊಬ್ಬರ ಕೈಗೆ ಟೇಪು ಕೊಡಿ. ಬ್ಯಾಗಿನ ಸೈಜು ನಿರ್ಧಾರವಾಗುವುದು ಈ ಸೆಂಟಿಮೀಟರುಗಳಿಂದ. ನಿಮ್ಮ ಎತ್ತರ ಅದಕ್ಕೆ ಲೆಕ್ಕವಿಲ್ಲ.

ತುಂಬಿದ ಬ್ಯಾಗು ಹೊತ್ತು ಮೊದಲು ಸೊಂಟಪಟ್ಟಿ ಬಿಗಿಯಿರಿ. ಪಟ್ಟಿಯ ನಡುಭಾಗ ಮೂಳೆಯ ಮೇಲಂಚನ್ನು ಅಪ್ಪಿರಲಿ. ಆಮೇಲೆ ಹೆಗಲಪಟ್ಟಿ, ಕೊನೆಗೆ ಲೋಡ್ ಲಿಫ್ಟರ್. 20 ನಿಮಿಷ ಮೆಟ್ಟಿಲು ಹತ್ತಿಳಿದ ಮೇಲೂ ಹೆಗಲಪಟ್ಟಿಯ ಕೆಳಗೆ ಬೆರಳು ಸುಲಭವಾಗಿ ನುಸುಳಿದರೆ ಫ್ರೇಮ್ ಕೆಲಸ ಮಾಡುತ್ತಿದೆ. ಕೈಬೆರಳು ಜೋಮು ಹಿಡಿದರೆ ಭಾರ ಹೆಗಲ ನರಗಳ ಮೇಲೆ ಕೂತಿದೆ: ಒಂದೋ ಬ್ಯಾಗಿನ ಸೈಜು ತಪ್ಪಿದೆ, ಇಲ್ಲವೇ ಅದು ಕುಸಿಯುತ್ತಿದೆ.

ಅಲ್ಯೂಮಿನಿಯಂ ಪಟ್ಟಿ ಹೊರತೆಗೆಯಲು ಬಂದರೆ ತೆಗೆದು, ನಿಮ್ಮ ಬೆನ್ನಿನ ಕೆಳಬಾಗಿಗೆ ಹೊಂದುವಂತೆ ಮೊಣಕಾಲಿನ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಲೋಹ ಬಿರುಕು ಬಿಡುತ್ತದೆ. ಪಟ್ಟಿಯ ತುದಿ ಅದರ ಜೇಬಿನ ಬಟ್ಟೆಯನ್ನು ಕೊರೆಯುವುದು ಹಳೇ ಕಾಯಿಲೆ. ತುದಿಗೆ ಎರಡು ಸುತ್ತು ಟೇಪು ಸುತ್ತಿದರೆ ಕೊರೆತವೂ ನಿಲ್ಲುತ್ತದೆ, ನಡೆಯುವಾಗಿನ ಕಿರಕಿರ ಸದ್ದೂ ಎಷ್ಟೋ ತಗ್ಗುತ್ತದೆ.

ಬೆವರಿಗಾಗಿ ಬಲೆ ಬಿಗಿದ, ಬೆನ್ನಿನಿಂದ ದೂರ ನಿಲ್ಲುವ ಫ್ರೇಮ್‌ಗಳೂ ಇವೆ. ಗಾಳಿ ಆಡುವುದು ನಿಜ. ಆದರೆ ಭಾರ ಕೆಲವು ಸೆಂಟಿಮೀಟರ್ ಹಿಂದಕ್ಕೆ ಸರಿದು ಮೈಯನ್ನು ಹಿಂದಕ್ಕೆ ಜಗ್ಗುತ್ತದೆ. ಕಡಿದಾದ ಏರಿನಲ್ಲಿ ಅದು ಗೊತ್ತಾಗುತ್ತದೆ.

8 ಮತ್ತು 11 ಕಿಲೋ ನಡುವೆ ಓಲಾಡುವವರು ಫ್ರೇಮ್‌ನ ಅಲ್ಯೂಮಿನಿಯಂ ಪಟ್ಟಿ ತೆಗೆಯಬಹುದಾದ ಬ್ಯಾಗನ್ನೇ ಹುಡುಕುವುದು ಒಳ್ಳೆಯದು. ಒಂದು ರಾತ್ರಿಯ ನಡಿಗೆಗೆ ಪಟ್ಟಿ ಮನೆಯಲ್ಲಿರಲಿ, ಐದು ದಿನದ ದಾರಿಗೆ ಮತ್ತೆ ಸೇರಿಸಿ. ಕೊನೆಯ ದಿನಗಳಲ್ಲಿ ಆಹಾರ ಖಾಲಿಯಾಗಿ ಬ್ಯಾಗು ಜೋಲತೊಡಗಿದಾಗ ಮಾತ್ರ ಎರಡು ಬಗೆಯ ಬ್ಯಾಗಿಗೂ ಒಂದೇ ಮದ್ದು: ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗನ್ನು ಇನ್ನೂ ಸಡಿಲವಾಗಿ ತುಂಬಿ, ಬಾಯಿಯನ್ನು ಒಂದು ಸುತ್ತು ಹೆಚ್ಚಿಗೆ ಸುತ್ತಿ, ಬದಿಯ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಿರಿ.