ಮೊದಲು ಮಳೆ ದಿನ ಎಣಿಸಿ

ಗದಗ, ಹಾವೇರಿ ಜಿಲ್ಲೆಗಳ ಕೃಷಿ ಅಧಿಕಾರಿಗಳು, ಪಿಡಿಒಗಳು, ಎಂಜಿನಿಯರುಗಳಿಗೆ ಹವಾಮಾನ ಬದಲಾವಣೆ ಬಗ್ಗೆ ತರಬೇತಿ ಕೊಡುವುದು ನನ್ನ ಕೆಲಸ. ಭೂಮಿಯ ಬಿಸಿ ತಡೆಯಲು ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದ ಪಾಠ ನಮ್ಮಲ್ಲಿ ಕೊನೆಗೆ ಬರುತ್ತದೆ. ಮೊದಲು ಅವರವರ ಹೋಬಳಿಯ ಮಳೆ ಲೆಕ್ಕವನ್ನೇ ಮುಂದೆ ಇಡುತ್ತೇನೆ.

ವರ್ಷದ ಒಟ್ಟು ಮಳೆ ನೋಡಿದರೆ ಏನೂ ತಿಳಿಯುವುದಿಲ್ಲ. ಕನಿಷ್ಠ 2.5 ಮಿ.ಮೀ. ಬಿದ್ದ ದಿನವನ್ನು ಹವಾಮಾನ ಇಲಾಖೆ ಮಳೆ ದಿನ ಅನ್ನುತ್ತದೆ. ಅಂಥ ದಿನಗಳನ್ನು ಪೆನ್ಸಿಲ್ ಹಿಡಿದು ಎಣಿಸಲು ಹೇಳುತ್ತೇನೆ. ಎರಡು ವಾರ ಮಳೆ ಇಲ್ಲದ ಕಡೆ ಗೆರೆ ಎಳೆದು, ಆಗ ಹೆಸರು ಬೆಳೆ ಯಾವ ಹಂತದಲ್ಲಿತ್ತು ಅಂತ ಪಕ್ಕದಲ್ಲಿ ಬರೆಯಬೇಕು. ಹೂ ಬಿಡುವಾಗ ತೇವ ಆರಿದರೆ ಕಾಯಿ ಕಟ್ಟುವುದಿಲ್ಲ. ಕೊಯ್ಲಿನ ಹೊತ್ತಿಗೆ ಜಡಿಮಳೆ ಹಿಡಿದರೆ ಗಿಡದಲ್ಲೇ ಕಾಳು ಮೊಳೆಯುತ್ತದೆ. ಹೀಗೆ ಬೆಳೆ ಕೆಟ್ಟ ಎರಡೂ ವರ್ಷ ಒಟ್ಟು ಮಳೆ ಒಂದೇ ಇದ್ದೀತು! ತಾವೇ ಎಣಿಸಿ ಕಂಡುಕೊಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆದರೆ ಹತ್ತು ವರ್ಷದ ಅಂಕಿ ಹಿಡಿದು "ಹವಾಮಾನ ಬದಲಾಗಿದೆ" ಎನ್ನಲು ಬಿಡುವುದಿಲ್ಲ. ಅದಕ್ಕೆ 30 ವರ್ಷದ ಲೆಕ್ಕ ಬೇಕು. ಅಧಿಕಾರಿ ಅಳತೆ ಮೀರಿ ಮಾತಾಡಿದರೆ ರೈತರು ಮುಂದಿನ ಸಲ ನಂಬುವುದಿಲ್ಲ.

ಆಮೇಲೆ ರೋಣದ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲಗಳಿಗೆ ಹೋಗುತ್ತೇವೆ. ಅಲ್ಲಿ ಅಧಿಕಾರಿಗಳು ಸಲಹೆ ಕೊಡುವಂತಿಲ್ಲ, ಬರೀ ಕೇಳಬೇಕು. "ಮಳಿ ಬರ್ತೈತ್ರೀ ಸಾಹೇಬ್ರ, ಬಿತ್ತಾಕ ಬೇಕಾದಾಗ ಬರಂಗಿಲ್ಲ" ಎಂದರು ಒಬ್ಬ ಹಿರಿಯ ರೈತರು. ಬದುವಿನ ಮೇಲೆ ನಿಂತೇ ಲೆಕ್ಕ ಮಾಡಿಸುತ್ತೇನೆ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ನೀರು. ಒಂದೇ ಸಂಜೆ 50 ಮಿ.ಮೀ. ಹೊಡೆದರೆ 2 ಲಕ್ಷ ಲೀಟರ್. ಅದರಲ್ಲಿ ಹೊಲದೊಳಗೆ ಸಣ್ಣ ಬದು ಹಾಕಿ ಮಾಡಿದ ಚೌಕುಮಡಿಯಲ್ಲಿ ಇಂಗುವುದೆಷ್ಟು, ಕೃಷಿ ಹೊಂಡಕ್ಕೆ ಬೀಳುವುದೆಷ್ಟು, ಸುಮ್ನೆ ಹಳ್ಳ ಸೇರುವುದೆಷ್ಟು? ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಆ ಇಂಗಿದ ತೇವದಲ್ಲೇ ಅಲ್ವಾ?

ಎಂಜಿನಿಯರುಗಳನ್ನು ಗದಗ ಜಿಲ್ಲೆಯ ಕೊಣ್ಣೂರಿಗೆ ಕರೆದೊಯ್ಯುತ್ತೇನೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಆ ಊರೊಳಗೇ ನುಗ್ಗಿತ್ತು. ಬರ ಕಂಡ ಜಿಲ್ಲೆಯಲ್ಲೇ ಈ ಪ್ರವಾಹ. ಹಳ್ಳಕ್ಕೆ ಸಿಡಿ (ರಸ್ತೆ ಕೆಳಗೆ ನೀರು ಹಾಯುವ ಮೋರಿ) ಕಟ್ಟುವಾಗ ಒಂದು ದಿನದಲ್ಲಿ ಬಿದ್ದ ಅತಿ ಜಾಸ್ತಿ ಮಳೆ ಎಷ್ಟು ಅಂತ ನೋಡಲೇಬೇಕು ಎಂದು ಒತ್ತಿ ಹೇಳುತ್ತೇನೆ.

ಹೊಗೆ, ಅನಿಲ ತಗ್ಗಿಸುವ ಪಾಠ ಚಿಕ್ಕದು. ಗದಗಿನ ಗುಡ್ಡದ ಗಾಳಿಯಂತ್ರಗಳನ್ನು ಎಲ್ಲರೂ ನೋಡಿದ್ದಾರೆ. ಹಾವೇರಿಯವರಿಗೆ ಗೋವಿನಜೋಳದ ಯೂರಿಯಾ ಮಾತು ಸಾಕು. ಜಾಸ್ತಿ ಸುರಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್, 100 ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುತ್ತದೆ. ಯೂರಿಯಾ ಉಳಿಸಿದರೆ ರೈತರ ದುಡ್ಡೂ ಉಳಿಯುತ್ತದೆ.

ಕೊನೆಗೆ ಪ್ರತಿಯೊಬ್ಬರೂ ತಮ್ಮ ಕಚೇರಿಯ ಕ್ರಿಯಾ ಯೋಜನೆಯಲ್ಲಿ ಒಂದು ಕಾಮಗಾರಿ ಬದಲಿಸಿ ಬರೆದುಕೊಡಬೇಕು. ಎಲ್ಲಿ, ಯಾಕೆ, ಯಾವ ಮಳೆ ಅಂಕಿ ನೋಡಿ ಅಂತ ಅದರಲ್ಲಿರಬೇಕು. ರೋಹಿಣಿ ಮಳೆಗೆ ಮುಂಚೆ ಎಲ್ಲರಿಗೂ ಫೋನ್ ಮಾಡಿ, ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತೇನೆ.