ಸೆಂಟ್ ರಾಶಿಯಲ್ಲಿ ಅಪರೂಪದ ನಾಣ್ಯ ಹೆಕ್ಕುವುದು ಹೇಗೆ?

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳಲ್ಲಿ ಲಿಂಕನ್ ಮುಖದ ಒಂದು ಸೆಂಟ್ ನಾಣ್ಯಗಳು, ಅಂದರೆ ಅಲ್ಲಿನವರ ಪೆನ್ನಿಗಳು, ಡಬ್ಬಿಗಳಲ್ಲಿ ಬಿದ್ದಿರುತ್ತವೆ. 2025ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಚಲಾವಣೆಗೆಂದು ಕೊನೆಯ ಸೆಂಟ್ ಅಚ್ಚೊತ್ತಿತು. ಆಮೇಲೆ ಆ ಡಬ್ಬಿಗಳ ಮೇಲೆ ಎಲ್ಲರ ಕಣ್ಣು. ಅಕ್ಷರ ಜೋಡಿಯಾಗಿ ಕಂಡ ಕೂಡಲೇ ಲಾಟರಿ ಹೊಡೆಯಿತೆಂದು ಫೋಟೊ ಕಳಿಸುವವರನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ನಾಣ್ಯ ತೊಳೆಯಬೇಡಿ. ಹುಣಸೆಹಣ್ಣು ಹಾಕಿ ತಿಕ್ಕಲು ಅದು ಪೂಜೆಯ ಚೊಂಬಲ್ಲ. ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ, ಒಂದು ಟೇಬಲ್ ಲ್ಯಾಂಪ್ ಸಾಕು. ಅರವತ್ತು ಪಟ್ಟು ಎಂದು ಬರೆದ ಅಗ್ಗದ ಮಸೂರಗಳು ಮಂಜು ಮಂಜು, ಕೊಳ್ಳಬೇಡಿ. ‘ಯಾರೂ ಹುಡುಕಿರದ ಚೀಲ’ ಎಂದು ಮಾರುವವರಿಂದಲೂ ದೂರವಿರಿ. ಅದನ್ನು ಹುಡುಕಿಯೇ ಮಾರುತ್ತಾರೆ.

ಇಸವಿಯಂತೆ ವಿಂಗಡಿಸಿ. 1955, 1972, 1982, 1992, 1995 ಮತ್ತು 1998ರಿಂದ 2000ದವರೆಗಿನವು ಪಕ್ಕಕ್ಕಿರಲಿ. ಇಸವಿಯ ಕೆಳಗೆ ‘ಡಿ’ ಇದ್ದರೆ ಡೆನ್ವರ್ ಟಂಕಸಾಲೆಯದು.

1982ರವನ್ನು ತೂಗಿ. ಆ ವರ್ಷ ತಾಮ್ರ ಬಿಟ್ಟು, ತಾಮ್ರ ಲೇಪಿಸಿದ ಸತುವಿಗೆ ಬದಲಾದರು: ಹಳೆಯದು 3.11 ಗ್ರಾಂ, ಹೊಸದು 2.5. ಇಸವಿಯ ಅಂಕಿಯೂ ಆ ವರ್ಷ ದೊಡ್ಡದು, ಸಣ್ಣದು ಎಂದು ಎರಡು ಮಾದರಿ. ‘ಡಿ’ ಗುರುತು, ಅಂಕಿ ಸಣ್ಣ ಮಾದರಿಯದು, ತೂಕ 3.1 ಗ್ರಾಂ ಆಸುಪಾಸು – ಮೂರೂ ಕೂಡಿದರೆ ಮಾತ್ರ ಎದೆ ಬಡಿದುಕೊಳ್ಳಲಿ.

1998–2000ರವುಗಳ ಹಿಂಬದಿಯಲ್ಲಿ ‘ಅಮೆರಿಕ’ ಪದದ ‘ಎ’ ಮತ್ತು ‘ಎಂ’ ಅಕ್ಷರಗಳ ಬುಡ ಹೆಚ್ಚುಕಡಿಮೆ ತಾಗಿಕೊಂಡಿರುತ್ತದೆ. ನಡುವೆ ಸ್ಪಷ್ಟ ಸಂದಿಯಿದ್ದರೆ ಅಪರೂಪ. 1992ರಲ್ಲಿ ಉಲ್ಟಾ.

ಇನ್ನು ಎಲ್ಲರೂ ಎಡವುವ ಜಾಗ, ‘ಡಬಲ್ಡ್ ಡೈ’, ಅಂದರೆ ಚಿತ್ರ ಜೋಡಿಯಾಗಿ ಮೂಡಿದ ಅಚ್ಚು. ಹಿಂದೆ ಅಚ್ಚಿನ ಮೇಲೆ ಚಿತ್ರ ಮೂಡಿಸಲು ಮೂಲ ಪಡಿಯಚ್ಚನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೇ ಸಲ ಅದು ತುಸು ತಿರುಗಿದ್ದರೆ ಅಚ್ಚಿನಲ್ಲೇ ಜೋಡಿ ಅಕ್ಷರ ಕೂರುತ್ತದೆ, ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಜೋಡಿ. ಅಚ್ಚು ಸಡಿಲವಾಗಿ, ನಾಣ್ಯ ಹೊಡೆಯುವಾಗ ಅಲುಗಿದರೆ ಆಗುವುದು ಬೇರೆ. ಅದಕ್ಕೆ ಬೆಲೆಯಿಲ್ಲ.

ಗುರುತಿಸಲು ಟ್ಯೂಬ್‌ಲೈಟ್ ಆರಿಸಿ, ಲ್ಯಾಂಪಿನ ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುವಂತೆ ಮಾಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ‘ಲಿಬರ್ಟಿ’ಯ ಒಂದು ಅಕ್ಷರವನ್ನಷ್ಟೇ ನೋಡಿ. ನಿಜವಾದ ಜೋಡಿಯಲ್ಲಿ ಎರಡನೆಯ ಗೆರೆಯೂ ದುಂಡಗೆ ಉಬ್ಬಿರುತ್ತದೆ, ಅಕ್ಷರ ದಪ್ಪವಾಗಿರುತ್ತದೆ, ತುದಿಯಲ್ಲಿ ಸೀಳು ಕಾಣುತ್ತದೆ. ಸುಳ್ಳು ಜೋಡಿ ಅಕ್ಷರದ ಪಕ್ಕ ತಗ್ಗಿನಲ್ಲಿ ಚಪ್ಪಟೆ ಮೆಟ್ಟಿಲಿನಂತೆ ಮಿನುಗುತ್ತದೆ. ಮೂಲ ಅಕ್ಷರದ ಲೋಹವನ್ನೇ ಕೆರೆದು ಆದದ್ದರಿಂದ ಅಕ್ಷರ ತೆಳ್ಳಗಾಗಿರುತ್ತದೆ. ದಪ್ಪವಾಯಿತೋ, ತೆಳ್ಳಗಾಯಿತೋ – ಇದೊಂದೇ ಪ್ರಶ್ನೆ ಕೇಳಿಕೊಳ್ಳಿ. ಸತುವಿನ ನಾಣ್ಯಗಳಲ್ಲಿ ಲೇಪನ ಬಿರಿದು ಅಕ್ಷರದ ಬದಿಗೆ ಬೂದು ಗೆರೆ ಮೂಡುವುದುಂಟು, ಅದೂ ಲೆಕ್ಕಕ್ಕಿಲ್ಲ.

1955ರ ಹೆಸರಾಂತ ನಾಣ್ಯದಲ್ಲಿ ಇಸವಿಯೂ ಬರಹವೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಕೊನೆಯ 5 ಮಾತ್ರ ಜೋಡಿಯಾಗಿರುವುದನ್ನು ‘ಬಡವರ ಡಬಲ್ಡ್ ಡೈ’ ಎಂದು ಮಾರುತ್ತಾರೆ. ಅದು ಸವೆದ ಅಚ್ಚಿನ ಕೆಲಸ, ದುಡ್ಡು ಕೊಡಬೇಡಿ. 1972, 1995ರಲ್ಲೂ ಹುಡುಕಬೇಕಾದದ್ದು ಡಬಲ್ಡ್ ಡೈಯನ್ನೇ. ಹೊಸಬರಿಗೆ ನನ್ನ ಆಯ್ಕೆ 1995ರದು. ಇಂದಿಗೂ ಚಿಲ್ಲರೆಯಲ್ಲಿ ಸಿಗಬಹುದು.

1943ರ ತಾಮ್ರದ ಸೆಂಟ್ ಸಿಕ್ಕಿತೆನ್ನುವವರು ಮೊದಲು ಅಯಸ್ಕಾಂತ ಹಿಡಿಯಲಿ. ಆ ವರ್ಷದವು ಉಕ್ಕಿನವು, ತಪ್ಪಿ ತಾಮ್ರದಲ್ಲಿ ಬಂದವು ಬೆರಳೆಣಿಕೆಯಷ್ಟು. ಅಂಟಿಕೊಂಡರೆ ತಾಮ್ರ ಬಳಿದದ್ದು. ಅಂಟದಿದ್ದರೂ 1948ರ ಎಂಟನ್ನು ಕೆತ್ತಿ ಮೂರು ಮಾಡಿರಬಹುದು.

ಆಯ್ದವನ್ನು ಪಿವಿಸಿ ಕವರಿನಲ್ಲಿಡಬೇಡಿ. ಹಸಿರು ಅಂಟು ಹತ್ತುತ್ತದೆ. ನಾಣ್ಯಕ್ಕೆಂದೇ ಮಾಡಿದ ರಟ್ಟಿನ ಚೌಕ ಅಗ್ಗವಾಗಿಯೇ ಸಿಗುತ್ತದೆ.